ಮನೆಯ ಕಂಪ್ಯೂಟರ್ ಜಾಲದಲ್ಲಿ ಹಂಚಿಕೊಂಡ ಫೋಲ್ಡರ್‌ಗಳಿಗೆ ಪ್ರವೇಶ ನಿಯಂತ್ರಣ: ಆನ್‌ಲೈನ್ ಮೂಲಕ ಅರ್ಜಿ ಸಲ್ಲಿಸುವ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಗದಗ ಜಿಲ್ಲೆಯು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದ ಕಾಲದಲ್ಲಿ ಸರ್ಕಾರಿ ಸೇವೆಗಳಿಗೆ ಅರ್ಜಿ ಎಂದರೆ ಕಾಗದದ ಅರ್ಜಿಯೇ ಆಗಿತ್ತು. ಅರ್ಜಿದಾರರು ದಾಖಲೆಗಳ ನೆರಳಚ್ಚು ಪ್ರತಿಗಳನ್ನು ಲಗತ್ತಿಸಿ, ಕಚೇರಿಗೆ ಖುದ್ದಾಗಿ ಬಂದು ಸಲ್ಲಿಸುತ್ತಿದ್ದರು. ಆನಂತರ ಭೂಮಿ ಯೋಜನೆಯಡಿ ಪಹಣಿ, ಅಂದರೆ ಈ ಭಾಗದ ರೂಢಿಯಲ್ಲಿ ಉತಾರ, ಗಣಕೀಕೃತವಾಯಿತು. 2011ರ ಸಕಾಲ ಅಧಿನಿಯಮವು ಸೇವೆಗಳಿಗೆ ಕಾಲಮಿತಿಯನ್ನು ನಿಗದಿಪಡಿಸಿತು. ನಾಡಕಚೇರಿ ಹಾಗೂ ಸೇವಾ ಸಿಂಧು ಪೋರ್ಟಲ್‌ಗಳ ಮೂಲಕ ಈಗ ಅನೇಕ ಸೇವೆಗಳಿಗೆ ಮನೆಯಿಂದಲೇ ಅರ್ಜಿ ಸಲ್ಲಿಸಲು ಅವಕಾಶವಿದೆ.

ಈ ಬದಲಾವಣೆಯಿಂದ ಅಲೆದಾಟ ಕಡಿಮೆಯಾಗಿದೆ. ಅದರ ಜೊತೆಗೆ ಹೊಸ ಹೊಣೆಯೊಂದು ನಾಗರಿಕರ ಮೇಲೆ ಬಂದಿದೆ. ಹಿಂದೆ ಟ್ರಂಕಿನಲ್ಲಿ ಬೀಗ ಹಾಕಿ ಇಡುತ್ತಿದ್ದ ದಾಖಲೆಗಳು ಇಂದು ಸ್ಕ್ಯಾನ್ ಆಗಿ ಮನೆಯ ಕಂಪ್ಯೂಟರಿನಲ್ಲಿ ಉಳಿಯುತ್ತವೆ. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಪುಸ್ತಕದ ಮೊದಲ ಪುಟ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅಂಕಪಟ್ಟಿ, ಭಾವಚಿತ್ರ, ಸಹಿಯ ಮಾದರಿ ಇವೆಲ್ಲವೂ ಒಂದೇ ಫೋಲ್ಡರಿನಲ್ಲಿ ಇರುವುದು ಸಾಮಾನ್ಯ. ಸದರಿ ಫೋಲ್ಡರನ್ನು ಮನೆಯ ಇತರ ಕಂಪ್ಯೂಟರುಗಳೊಂದಿಗೆ ಹಂಚಿಕೊಂಡಿದ್ದಲ್ಲಿ, ಅದನ್ನು ಯಾರು ತೆರೆಯಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂಬುದನ್ನು ಮನೆಯವರೇ ತೀರ್ಮಾನಿಸಿ ನಿಗದಿಪಡಿಸಬೇಕಾಗುತ್ತದೆ.

ಗದಗ-ಬೆಟಗೇರಿ ನಗರ, ಲಕ್ಷ್ಮೇಶ್ವರ, ಶಿರಹಟ್ಟಿ ಹಾಗೂ ಮುಂಡರಗಿ ಭಾಗದ ನಾಗರಿಕರ ಅನುಕೂಲಕ್ಕಾಗಿ ಈ ವಿಷಯವನ್ನು ಇಲ್ಲಿ ಹಂತ ಹಂತವಾಗಿ ವಿವರಿಸಲಾಗಿದೆ. ವಿವರಣೆಯು ಮುಖ್ಯವಾಗಿ ವಿಂಡೋಸ್ 11 ಕಾರ್ಯಾಚರಣಾ ವ್ಯವಸ್ಥೆಗೆ ಸಂಬಂಧಿಸಿದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಕಾಣುವ ಪದಗಳನ್ನು ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲಿ, ಉದ್ಧರಣ ಚಿಹ್ನೆಗಳೊಳಗೆ ನೀಡಲಾಗಿದೆ.

2. ಹಂಚಿಕೊಂಡ ಫೋಲ್ಡರ್ ಎಂದರೇನು?

ಮನೆಯಲ್ಲಿ ಒಂದು ವೈಫೈ ರೂಟರ್ ಇದ್ದು, ಅದಕ್ಕೆ ಎರಡು ಕಂಪ್ಯೂಟರ್ ಹಾಗೂ ನಾಲ್ಕು ಮೊಬೈಲ್ ಸಂಪರ್ಕಗೊಂಡಿದ್ದರೆ ಅದೇ ಒಂದು ಜಾಲವಾಗುತ್ತದೆ. ಒಂದು ಕಂಪ್ಯೂಟರಿನಲ್ಲಿರುವ ಫೋಲ್ಡರನ್ನು ಜಾಲದ ಇತರರೂ ತೆರೆಯುವಂತೆ ಮಾಡುವುದಕ್ಕೆ ಹಂಚಿಕೆ ಎನ್ನುತ್ತಾರೆ. ವಿಂಡೋಸ್‌ನಲ್ಲಿ ಈ ಕಾರ್ಯವು ಎಸ್.ಎಂ.ಬಿ. ಎಂಬ ನಿಯಮಾವಳಿಯ ಮೂಲಕ ನಡೆಯುತ್ತದೆ. ಮಗಳ ಲ್ಯಾಪ್‌ಟಾಪಿನಿಂದ ತಂದೆಯ ಕಂಪ್ಯೂಟರಿನಲ್ಲಿರುವ ಆದಾಯ ಪ್ರಮಾಣಪತ್ರವನ್ನು ತೆರೆದು ವಿದ್ಯಾರ್ಥಿವೇತನದ ಅರ್ಜಿಗೆ ಲಗತ್ತಿಸಲು ಸಾಧ್ಯವಾಗುವುದು ಇದರಿಂದಲೇ. ಪೆನ್‌ಡ್ರೈವ್ ಹಿಡಿದು ಓಡಾಡುವ ಅಗತ್ಯವಿರುವುದಿಲ್ಲ.

ಹಂಚಿಕೆಯಿಂದ ಅನುಕೂಲವಿದೆ. ಆದರೆ ಹಂಚಿಕೆಗೆ ಮಿತಿಯನ್ನು ಹಾಕದಿದ್ದಲ್ಲಿ ವೈಫೈ ಗುಪ್ತಪದ ತಿಳಿದ ಪ್ರತಿಯೊಬ್ಬರೂ ಆ ಫೋಲ್ಡರಿನ ಬಾಗಿಲಿಗೆ ಬರಬಹುದು. ವೈಫೈ ಗುಪ್ತಪದವನ್ನು ನಾವು ಎಷ್ಟು ಜನರಿಗೆ ಹೇಳಿದ್ದೇವೆ ಎಂಬುದನ್ನು ಒಮ್ಮೆ ನೆನಪಿಸಿಕೊಳ್ಳುವುದು ಒಳಿತು. ಜಾತ್ರೆಗೆ ಬಂದ ನೆಂಟರು, ಮೇಲಂತಸ್ತಿನ ಬಾಡಿಗೆದಾರರು, ಪಕ್ಕದ ಮನೆಯ ಹುಡುಗರು, ಟಿ.ವಿ. ದುರಸ್ತಿಗೆ ಬಂದವರು ಹೀಗೆ ಪಟ್ಟಿ ಬೆಳೆಯುತ್ತದೆ.

3. ನಿಯಂತ್ರಣವಿಲ್ಲದಿದ್ದರೆ ಆಗಬಹುದಾದ ತೊಂದರೆಗಳು

ಅ) ದುರ್ಬಳಕೆ: ಆಧಾರ್ ಪ್ರತಿ, ಭಾವಚಿತ್ರ ಹಾಗೂ ಸಹಿ ಮೂರೂ ಒಂದೇ ಕಡೆ ದೊರೆತರೆ ಬೇರೆಯವರ ಹೆಸರಿನಲ್ಲಿ ಸಿಮ್ ಕಾರ್ಡ್ ಅಥವಾ ಸಾಲಕ್ಕೆ ಅರ್ಜಿ ಹಾಕುವ ಪ್ರಯತ್ನಕ್ಕೆ ದಾರಿಯಾಗುತ್ತದೆ.

ಆ) ಅಳಿಸಿಹೋಗುವುದು: ಕಂಪ್ಯೂಟರಿನ ಮುಂದೆಯೇ ಕುಳಿತು ಅಳಿಸಿದ ಕಡತವು ಸಾಮಾನ್ಯವಾಗಿ 'ರಿಸೈಕಲ್ ಬಿನ್' ಸೇರುತ್ತದೆ. ಜಾಲದ ಮೂಲಕ ಇನ್ನೊಂದು ಕಂಪ್ಯೂಟರಿನಿಂದ ಅಳಿಸಿದ ಕಡತವು ಅಲ್ಲಿಗೆ ಹೋಗುವುದಿಲ್ಲ, ನೇರವಾಗಿ ಅಳಿದುಹೋಗುತ್ತದೆ. ಅರ್ಜಿಯ ಕೊನೆಯ ದಿನದಂದು ಇದು ಗೊತ್ತಾದರೆ ಆಗುವ ನಷ್ಟವನ್ನು ಹೇಳಬೇಕಾಗಿಲ್ಲ.

ಇ) ತಿದ್ದುಪಡಿ: ಬೇರೊಬ್ಬರು ತಿಳಿಯದೆ ಹಳೆಯ ಪ್ರಮಾಣಪತ್ರವನ್ನು ಅದೇ ಹೆಸರಿನಲ್ಲಿ ಉಳಿಸಿದರೆ ಹೊಸದು ಮುಚ್ಚಿಹೋಗುತ್ತದೆ. ಅರ್ಜಿದಾರರು ಗಮನಿಸದೆ ಹಳೆಯದನ್ನೇ ಲಗತ್ತಿಸುತ್ತಾರೆ. ಅರ್ಜಿಯು ತಿರಸ್ಕೃತವಾದಾಗ ಕಾರಣವೇ ತಿಳಿಯುವುದಿಲ್ಲ.

ಈ) ಕುಟುಂಬದ ಗೋಪ್ಯತೆ: ಅವಿಭಕ್ತ ಕುಟುಂಬಗಳಲ್ಲಿ ವಾಟ್ನಿ ಪತ್ರದ ಕರಡು, ವಾರಸಾ ವರ್ದಿಯ ಕಾಗದಗಳು, ವೈದ್ಯಕೀಯ ವರದಿಗಳು ಎಲ್ಲರ ಕಣ್ಣಿಗೂ ಬೀಳಬೇಕಾದ ದಾಖಲೆಗಳಲ್ಲ. ಪೂರ್ಣಗೊಳ್ಳದ ಕರಡೊಂದನ್ನು ಯಾರೋ ಓದಿ ಮನೆಯಲ್ಲಿ ಮನಸ್ತಾಪ ಉಂಟಾದರೆ ಅದನ್ನು ಯಾವ ಕಚೇರಿಯೂ ಸರಿಪಡಿಸಲು ಬರುವುದಿಲ್ಲ.

ಉ) ಸುಲಿಗೆ ತಂತ್ರಾಂಶ: 2017ರ ಮೇ ತಿಂಗಳಿನಲ್ಲಿ 'ವನ್ನಾಕ್ರೈ' ಎಂಬ ಸುಲಿಗೆ ತಂತ್ರಾಂಶವು ಜಗತ್ತಿನ ಅನೇಕ ದೇಶಗಳ ಕಂಪ್ಯೂಟರುಗಳಿಗೆ ಹರಡಿತು. ಅದು ಬಳಸಿಕೊಂಡದ್ದು ಎಸ್.ಎಂ.ಬಿ. ಮೊದಲ ಆವೃತ್ತಿಯ ಒಂದು ದೋಷವನ್ನು. ಆ ದೋಷಕ್ಕೆ ಅದೇ ವರ್ಷದ ಮಾರ್ಚ್‌ನಲ್ಲಿಯೇ ಮೈಕ್ರೋಸಾಫ್ಟ್ ಸಂಸ್ಥೆಯು ಪರಿಹಾರವನ್ನು ಬಿಡುಗಡೆ ಮಾಡಿತ್ತು. ಅದನ್ನು ಅಳವಡಿಸಿಕೊಳ್ಳದ ಕಂಪ್ಯೂಟರುಗಳು ತೊಂದರೆಗೆ ಸಿಲುಕಿದವು. ಇಂತಹ ತಂತ್ರಾಂಶವು ಮನೆಯ ಒಂದು ಕಂಪ್ಯೂಟರಿಗೆ ಬಂದರೂ ಸಾಕು, ಅಲ್ಲಿಂದ ಬರೆಯುವ ಅನುಮತಿ ಇರುವ ಎಲ್ಲ ಹಂಚಿಕೆ ಫೋಲ್ಡರುಗಳ ಕಡತಗಳನ್ನೂ ಅದು ಕೆಡಿಸಬಲ್ಲದು. ಓದುವ ಅನುಮತಿ ಮಾತ್ರ ಇರುವ ಫೋಲ್ಡರಿನ ಕಡತಗಳನ್ನು ಆ ಅನುಮತಿಯ ಮೂಲಕ ಅದು ಬದಲಿಸಲಾರದು.

4. ಮೊದಲು ತೀರ್ಮಾನ, ನಂತರ ತಂತ್ರ

ಕಂಪ್ಯೂಟರನ್ನು ಮುಟ್ಟುವ ಮೊದಲು ಒಂದು ಹಾಳೆಯ ಮೇಲೆ ಫೋಲ್ಡರುಗಳ ಹೆಸರು ಹಾಗೂ ಮನೆಯವರ ಹೆಸರನ್ನು ಬರೆದುಕೊಳ್ಳುವುದು ಸೂಕ್ತ. ಕಚೇರಿಗಳಲ್ಲಿ ಆವಕ ವಹಿಯನ್ನು ಬರೆಯುವವರು ಒಬ್ಬರು, ಕಡತವನ್ನು ಕಾಯುವವರು ಇನ್ನೊಬ್ಬರು. ಹಣದ ವ್ಯವಹಾರದಲ್ಲಿಯೂ ನಗದು ಪುಸ್ತಕ ಬರೆಯುವವರೇ ಅದನ್ನು ತಪಾಸಣೆ ಮಾಡುವುದಿಲ್ಲ. ಇದರ ಉದ್ದೇಶ ಯಾರನ್ನೂ ಸಂಶಯಿಸುವುದಲ್ಲ. ತಪ್ಪು ನಡೆದರೆ ಎಲ್ಲಿ ನಡೆಯಿತೆಂದು ತಿಳಿಯಬೇಕು, ಒಬ್ಬರ ತಪ್ಪಿನಿಂದ ಎಲ್ಲವೂ ಹಾಳಾಗಬಾರದು ಎಂಬುದಷ್ಟೇ ಉದ್ದೇಶ. ಮನೆಗೂ ಇದೇ ಕ್ರಮವನ್ನು ಅನ್ವಯಿಸಬಹುದು.

ಉದಾಹರಣೆಗೆ, ಬೆಟಗೇರಿಯ ಒಂದು ನೇಕಾರ ಕುಟುಂಬವನ್ನು ಊಹಿಸಿಕೊಳ್ಳೋಣ. ಮುಂದಿನ ಕೋಣೆಯ ಕಂಪ್ಯೂಟರಿನಲ್ಲಿ ಮಗ್ಗದ ಲೆಕ್ಕವೂ ಮನೆಯ ದಾಖಲೆಗಳೂ ಇವೆ. ಮಗನು ಕಾಲೇಜಿಗೆ ಹೋಗುತ್ತಾನೆ, ಅವನ ಬಳಿ ಲ್ಯಾಪ್‌ಟಾಪ್ ಇದೆ. ಅತ್ತೆಯವರ ವೃದ್ಧಾಪ್ಯ ವೇತನದ ಕಾಗದಗಳನ್ನು ಸೊಸೆಯೇ ನೋಡಿಕೊಳ್ಳುತ್ತಾರೆ. ಇಂತಹ ಮನೆಯಲ್ಲಿ ಫೋಲ್ಡರುಗಳನ್ನು ಈ ಕೆಳಗಿನಂತೆ ವಿಂಗಡಿಸಬಹುದು.

- 'ಸಾಮಾನ್ಯ': ಭಾವಚಿತ್ರಗಳು, ಲಗ್ನಪತ್ರಿಕೆ, ಪಾಠದ ಟಿಪ್ಪಣಿಗಳು. ಮನೆಯವರೆಲ್ಲರಿಗೂ ಓದುವ ಹಾಗೂ ಬರೆಯುವ ಅನುಮತಿ.
- 'ಆವಕ': ಸ್ಕ್ಯಾನ್ ಮಾಡಿದ ಕಡತಗಳನ್ನು ಮೊದಲು ಹಾಕುವ ಜಾಗ. ಮನೆಯವರಿಗೆ ಬರೆಯುವ ಅನುಮತಿ. ವಾರಕ್ಕೊಮ್ಮೆ ಇದನ್ನು ಖಾಲಿ ಮಾಡತಕ್ಕದ್ದು.
- 'ಅರ್ಜಿ ದಾಖಲೆ': ಪರಿಶೀಲಿಸಿದ ಪ್ರಮಾಣಪತ್ರಗಳು ಮತ್ತು ಅರ್ಜಿಗಳ ಸ್ವೀಕೃತಿಗಳು. ದಾಖಲೆಗಳನ್ನು ನೋಡಿಕೊಳ್ಳುವ ಒಬ್ಬರಿಗೆ ಮಾತ್ರ ಬರೆಯುವ ಅನುಮತಿ, ಅಗತ್ಯವಿರುವ ಇತರರಿಗೆ ಓದುವ ಅನುಮತಿ.
- 'ಖಾಸಗಿ': ಬ್ಯಾಂಕ್ ವಿವರ, ವಾಟ್ನಿ ಪತ್ರದ ಕರಡು, ವೈದ್ಯಕೀಯ ವರದಿ. ಇದನ್ನು ಹಂಚಿಕೊಳ್ಳತಕ್ಕದ್ದಲ್ಲ.

ಯಾರಿಗೆ ಯಾವ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅನುಮತಿ ನೀಡುವುದು ಮೂಲ ನಿಯಮವಾಗಿದೆ. ಹೆಚ್ಚು ಬೇಕಾದಾಗ ಕೊಡುವುದು ಸುಲಭ. ಒಮ್ಮೆ ಕೊಟ್ಟಿದ್ದನ್ನು ನೆನಪಿಟ್ಟು ಹಿಂಪಡೆಯುವುದು ಕಷ್ಟ.

5. ಅನುಸರಿಸಬೇಕಾದ ಕ್ರಮಗಳು

ಹಂತ 1: ಈಗಾಗಲೇ ಏನೇನು ಹಂಚಿಕೆಯಾಗಿದೆ ಎಂಬುದನ್ನು ತಿಳಿಯುವುದು

'ಕಂಪ್ಯೂಟರ್ ಮ್ಯಾನೇಜ್‌ಮೆಂಟ್' ತೆರೆದು, 'ಶೇರ್ಡ್ ಫೋಲ್ಡರ್ಸ್' ಅಡಿಯಲ್ಲಿ 'ಶೇರ್ಸ್' ಎಂಬುದನ್ನು ಆಯ್ಕೆ ಮಾಡಿದರೆ ಹಂಚಿಕೆಯಲ್ಲಿರುವ ಎಲ್ಲ ಫೋಲ್ಡರುಗಳ ಪಟ್ಟಿ ಬರುತ್ತದೆ. ಹೆಸರಿನ ಕೊನೆಯಲ್ಲಿ ಡಾಲರ್ ಚಿಹ್ನೆ ಇರುವ ಕೆಲವು ಹಂಚಿಕೆಗಳು ವಿಂಡೋಸ್ ತನ್ನ ಆಡಳಿತಕ್ಕಾಗಿ ತಾನೇ ಮಾಡಿಕೊಂಡಿರುವಂಥವು. ಅವುಗಳನ್ನು ಕಂಡು ಗಾಬರಿಯಾಗಬೇಕಾಗಿಲ್ಲ. ಆದರೆ ಪಟ್ಟಿಯಲ್ಲಿ 'ಯೂಸರ್ಸ್' ಎಂಬ ಹೆಸರಿದ್ದರೆ ಎಚ್ಚರಿಕೆ ಅಗತ್ಯ. ಮನೆಯವರೆಲ್ಲರ 'ಡೆಸ್ಕ್‌ಟಾಪ್' ಹಾಗೂ 'ಡಾಕ್ಯುಮೆಂಟ್ಸ್' ಫೋಲ್ಡರುಗಳು ಇರುವುದು ಅದರೊಳಗೆ. ಹಂಚಿಕೆಗೆಂದೇ ಪ್ರತ್ಯೇಕ ಫೋಲ್ಡರ್ ಮಾಡಿ, 'ಯೂಸರ್ಸ್' ಹಂಚಿಕೆಯನ್ನು ನಿಲ್ಲಿಸುವುದು ಉತ್ತಮ.

ಹಂತ 2: ಪ್ರತಿಯೊಬ್ಬರಿಗೂ ಪ್ರತ್ಯೇಕ ಬಳಕೆದಾರ ಖಾತೆ

ದಾಖಲೆಗಳಿರುವ ಕಂಪ್ಯೂಟರಿನಲ್ಲಿ 'ಸೆಟ್ಟಿಂಗ್ಸ್', 'ಅಕೌಂಟ್ಸ್', 'ಅದರ್ ಯೂಸರ್ಸ್' ಮೂಲಕ ಪ್ರತಿಯೊಬ್ಬ ಸದಸ್ಯರಿಗೂ ಒಂದೊಂದು ಖಾತೆಯನ್ನು ತೆರೆಯಬೇಕು. ಈ ಸಂದರ್ಭದಲ್ಲಿ ಗಮನಿಸಬೇಕಾದ ಅಂಶಗಳು:

ಅ) ಖಾತೆಗಳು 'ಸ್ಟ್ಯಾಂಡರ್ಡ್' ವರ್ಗದಲ್ಲಿರಲಿ. 'ಅಡ್ಮಿನಿಸ್ಟ್ರೇಟರ್' ಅಧಿಕಾರ ಒಬ್ಬರಿಗೆ ಮಾತ್ರ ಇರಲಿ. ಆ ಅಧಿಕಾರವುಳ್ಳವರು ಇತರ ಎಲ್ಲ ನಿರ್ಬಂಧಗಳನ್ನೂ ತೆಗೆದುಹಾಕಬಲ್ಲರು.

ಆ) ಗುಪ್ತಪದವಿಲ್ಲದ ಸ್ಥಳೀಯ ಖಾತೆಯ ಮೂಲಕ ಜಾಲದಿಂದ ಪ್ರವೇಶಿಸಲು ವಿಂಡೋಸ್ ಸಾಮಾನ್ಯವಾಗಿ ಬಿಡುವುದಿಲ್ಲ. ಆದ್ದರಿಂದ ಪ್ರತಿ ಖಾತೆಗೂ ಗುಪ್ತಪದ ಇರಬೇಕು.

ಇ) ಕಂಪ್ಯೂಟರ್ ತೆರೆಯಲು ಬಳಸುವ ನಾಲ್ಕು ಅಥವಾ ಆರು ಅಂಕಿಗಳ 'ಪಿನ್' ಜಾಲದ ಪ್ರವೇಶಕ್ಕೆ ನಡೆಯುವುದಿಲ್ಲ. ಅಲ್ಲಿ ಖಾತೆಯ ಪೂರ್ಣ ಗುಪ್ತಪದವನ್ನೇ ನೀಡಬೇಕು.

ಈ) ಮೊಬೈಲ್ ಸಂಖ್ಯೆ, ಜನ್ಮದಿನಾಂಕ, ಹೊಲದ ಸರ್ವೆ ನಂಬರ್ ಇವುಗಳನ್ನು ಗುಪ್ತಪದವಾಗಿ ಬಳಸಬಾರದು. ಒಂದಕ್ಕೊಂದು ಸಂಬಂಧವಿಲ್ಲದ ಮೂರು ನಾಲ್ಕು ಶಬ್ದಗಳನ್ನು ಜೋಡಿಸಿದ ಉದ್ದನೆಯ ಗುಪ್ತಪದವು ನೆನಪಿಡಲು ಸುಲಭ, ಊಹಿಸಲು ಕಷ್ಟ.

ಹಂತ 3: ಜಾಲದ ಬಗೆ ಹಾಗೂ ಹಂಚಿಕೆಯ ಸಾಮಾನ್ಯ ನಿಯಮ

'ಸೆಟ್ಟಿಂಗ್ಸ್', 'ನೆಟ್‌ವರ್ಕ್ ಅಂಡ್ ಇಂಟರ್ನೆಟ್' ಭಾಗದಲ್ಲಿ ಮನೆಯ ವೈಫೈ ಸಂಪರ್ಕವನ್ನು ಮಾತ್ರ 'ಪ್ರೈವೇಟ್' ಎಂದು ಗುರುತಿಸಬೇಕು. ಬಸ್ ನಿಲ್ದಾಣ, ವಸತಿಗೃಹ, ಕಾಲೇಜು ಮುಂತಾದ ಕಡೆಯ ಸಂಪರ್ಕಗಳು 'ಪಬ್ಲಿಕ್' ಎಂದೇ ಇರಬೇಕು. ನಂತರ 'ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್' ಒಳಗಿನ 'ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್' ತೆರೆದು ಈ ಕೆಳಗಿನಂತೆ ಇರಿಸಬೇಕು.

- 'ಪ್ರೈವೇಟ್' ಜಾಲದಲ್ಲಿ 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್': ಆನ್
- 'ಪಬ್ಲಿಕ್' ಜಾಲದಲ್ಲಿ 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್': ಆಫ್
- 'ಪಬ್ಲಿಕ್ ಫೋಲ್ಡರ್ ಶೇರಿಂಗ್': ಆಫ್
- 'ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್': ಆನ್

ಇವುಗಳಲ್ಲಿ ಕೊನೆಯದು ಅತಿ ಮುಖ್ಯವಾದುದು. ಪ್ರಿಂಟರ್ ಅಥವಾ ಫೋಲ್ಡರ್ ತೆರೆಯದಿದ್ದಾಗ ಇದನ್ನು ಆಫ್ ಮಾಡುವಂತೆ ಕೆಲವರು ಸಲಹೆ ನೀಡುವುದುಂಟು. ಆಫ್ ಮಾಡಿದಲ್ಲಿ ಖಾತೆಯೇ ಇಲ್ಲದವರೂ ಅತಿಥಿಗಳಾಗಿ ಒಳಬರಲು ಅವಕಾಶವಾಗುತ್ತದೆ, ಮತ್ತು ಮುಂದಿನ ಹಂತಗಳಲ್ಲಿ ಹೇಳಿರುವ ವಿಂಗಡಣೆಗೆ ಅರ್ಥವೇ ಉಳಿಯುವುದಿಲ್ಲ.

ಹಂತ 4: ಹಂಚಿಕೆಯ ಅನುಮತಿ

ಹಂಚಿಕೊಳ್ಳಬೇಕಾದ ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿ 'ಪ್ರಾಪರ್ಟೀಸ್', 'ಶೇರಿಂಗ್', 'ಅಡ್ವಾನ್ಸ್ಡ್ ಶೇರಿಂಗ್' ಆಯ್ಕೆ ಮಾಡಬೇಕು. 'ಶೇರ್ ದಿಸ್ ಫೋಲ್ಡರ್' ಎಂಬಲ್ಲಿ ಗುರುತು ಹಾಕಿ 'ಪರ್ಮಿಷನ್ಸ್' ಒತ್ತಬೇಕು. ಅಲ್ಲಿ 'ಎವ್ರಿವನ್' ಎಂಬ ಹೆಸರು ಮೊದಲೇ ಇರುತ್ತದೆ. ಅದನ್ನು ತೆಗೆದು, ಅನುಮತಿ ಬೇಕಾದವರ ಖಾತೆಗಳನ್ನು ಒಂದೊಂದಾಗಿ ಸೇರಿಸಬೇಕು. 'ರೀಡ್' ಎಂದರೆ ಓದಲು ಹಾಗೂ ಪ್ರತಿ ಮಾಡಿಕೊಳ್ಳಲು ಅನುಮತಿ. 'ಚೇಂಜ್' ಎಂದರೆ ಬರೆಯಲು, ತಿದ್ದಲು ಹಾಗೂ ಅಳಿಸಲು ಅನುಮತಿ. 'ಫುಲ್ ಕಂಟ್ರೋಲ್' ಎಂದರೆ ಅನುಮತಿಗಳನ್ನೇ ಬದಲಾಯಿಸುವ ಅಧಿಕಾರ. ಮನೆಯ ಬಳಕೆಗೆ ಮೊದಲೆರಡು ಸಾಕು.

ಓದುವ ಅನುಮತಿ ಇದ್ದವರು ಕಡತದ ಪ್ರತಿಯನ್ನು ತಮ್ಮ ಕಂಪ್ಯೂಟರಿಗೆ ಒಯ್ಯಬಲ್ಲರು ಎಂಬುದನ್ನು ನೆನಪಿಡಬೇಕು. ಓದಲು ಬಿಟ್ಟು ಪ್ರತಿ ಮಾಡದಂತೆ ತಡೆಯುವುದು ಈ ವ್ಯವಸ್ಥೆಯಲ್ಲಿ ಸಾಧ್ಯವಿಲ್ಲ.

ಹಂತ 5: ಭದ್ರತೆಯ ಅನುಮತಿ

ಹಂಚಿಕೆಯ ಅನುಮತಿಯು ಜಾಲದ ಮೂಲಕ ಬರುವವರಿಗೆ ಮಾತ್ರ ಅನ್ವಯಿಸುತ್ತದೆ. ಅದೇ ಕಂಪ್ಯೂಟರಿನ ಮುಂದೆ ಕುಳಿತವರಿಗೆ ಅದು ತಡೆಯಲ್ಲ. ಅವರಿಗೂ ಅನ್ವಯಿಸುವುದು 'ಪ್ರಾಪರ್ಟೀಸ್' ಒಳಗಿನ 'ಸೆಕ್ಯುರಿಟಿ' ವಿಭಾಗ. ಇವೆರಡರ ಸಂಬಂಧವನ್ನು ಕಾಂಪೌಂಡಿನ ಗೇಟು ಹಾಗೂ ಕೋಣೆಯ ಬಾಗಿಲಿಗೆ ಹೋಲಿಸಬಹುದು. ಹೊರಗಿನಿಂದ ಬರುವವರು ಎರಡನ್ನೂ ದಾಟಬೇಕು, ಒಳಗೇ ಇರುವವರಿಗೆ ಕೋಣೆಯ ಬಾಗಿಲು ಮಾತ್ರ. ಜಾಲದ ಮೂಲಕ ಬರುವವರಿಗೆ ಎರಡು ಅನುಮತಿಗಳಲ್ಲಿ ಯಾವುದು ಕಡಿಮೆಯೋ ಅದೇ ಜಾರಿಗೆ ಬರುತ್ತದೆ. ಹಂಚಿಕೆಯಲ್ಲಿ 'ಚೇಂಜ್' ನೀಡಿ ಭದ್ರತೆಯಲ್ಲಿ 'ರೀಡ್' ಮಾತ್ರ ನೀಡಿದ್ದರೆ ಅವರು ಓದಬಹುದೇ ಹೊರತು ಬರೆಯಲಾಗದು.

'ಸಿ' ಡ್ರೈವ್ ಹೊರತಾದ ಡ್ರೈವ್‌ಗಳಲ್ಲಿ ಹೊಸದಾಗಿ ಮಾಡಿದ ಫೋಲ್ಡರುಗಳ ಮೇಲೆ 'ಅಥೆಂಟಿಕೇಟೆಡ್ ಯೂಸರ್ಸ್' ಎಂಬ ಗುಂಪಿಗೆ ತಿದ್ದುವ ಅನುಮತಿ ತಾನಾಗಿಯೇ ಬಂದಿರುವುದು ಸಾಮಾನ್ಯ. ಆ ಕಂಪ್ಯೂಟರಿನಲ್ಲಿ ಖಾತೆಯುಳ್ಳ ಎಲ್ಲರೂ ಈ ಗುಂಪಿಗೆ ಸೇರುತ್ತಾರೆ. ಇದನ್ನು ತೆಗೆಯಲು 'ಸೆಕ್ಯುರಿಟಿ' ವಿಭಾಗದ 'ಅಡ್ವಾನ್ಸ್ಡ್' ಒತ್ತಿ, 'ಡಿಸೇಬಲ್ ಇನ್‌ಹೆರಿಟೆನ್ಸ್' ಆಯ್ಕೆ ಮಾಡಿ, ಬಂದಿರುವ ಅನುಮತಿಗಳನ್ನು ಉಳಿಸಿಕೊಳ್ಳುವ 'ಕನ್ವರ್ಟ್' ಆಯ್ಕೆಯನ್ನು ಒಪ್ಪಬೇಕು. ಬಳಿಕ 'ಅಥೆಂಟಿಕೇಟೆಡ್ ಯೂಸರ್ಸ್' ಹಾಗೂ 'ಯೂಸರ್ಸ್' ಗುಂಪುಗಳನ್ನು ತೆಗೆದು, ಬೇಕಾದವರ ಖಾತೆಗಳನ್ನು ಸೇರಿಸಬೇಕು. 'ಸಿಸ್ಟಂ' ಮತ್ತು 'ಅಡ್ಮಿನಿಸ್ಟ್ರೇಟರ್ಸ್' ಹೆಸರುಗಳನ್ನು ತೆಗೆಯಬಾರದು.

'ಡಿನೈ' ಎಂಬ ನಿರಾಕರಣೆಯ ಗುರುತನ್ನು ಸಾಧ್ಯವಾದಷ್ಟು ಬಳಸದಿರುವುದು ಒಳಿತು. ಸಾಮಾನ್ಯವಾಗಿ ಅದು ಅನುಮತಿಯನ್ನು ಮೀರುತ್ತದೆ. 'ಎವ್ರಿವನ್' ಹೆಸರಿಗೆ ನಿರಾಕರಣೆ ಹಾಕಿದವರು ತಮ್ಮನ್ನೇ ಹೊರಗಿಟ್ಟುಕೊಳ್ಳುತ್ತಾರೆ. ಅನುಮತಿ ಕೊಡದಿರುವುದೇ ಸಾಕಾದ ತಡೆ.

ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್ ವಿಧಾನದಲ್ಲಿ ಸಿದ್ಧಪಡಿಸಿದ ಪೆನ್‌ಡ್ರೈವ್‌ಗಳಲ್ಲಿ 'ಸೆಕ್ಯುರಿಟಿ' ವಿಭಾಗವೇ ಇರುವುದಿಲ್ಲ. ಅಂತಹವುಗಳಲ್ಲಿ ಮುಖ್ಯ ದಾಖಲೆಗಳನ್ನು ಇಟ್ಟು ಹಂಚಿಕೊಳ್ಳಬಾರದು.

ಹಂತ 6: ಪರೀಕ್ಷೆ

ವ್ಯವಸ್ಥೆ ಮಾಡಿದ ಮೇಲೆ ಪರೀಕ್ಷಿಸದೆ ಬಿಡಬಾರದು. ಇನ್ನೊಂದು ಕಂಪ್ಯೂಟರಿನ 'ಫೈಲ್ ಎಕ್ಸ್‌ಪ್ಲೋರರ್' ವಿಳಾಸಪಟ್ಟಿಯಲ್ಲಿ ಎರಡು ಹಿಂಬಾಗು ಗೆರೆಗಳನ್ನೂ (\\) ಅದಕ್ಕೆ ಸೇರಿದಂತೆ ದಾಖಲೆಗಳಿರುವ ಕಂಪ್ಯೂಟರಿನ ಹೆಸರನ್ನೂ ಟೈಪ್ ಮಾಡಿದರೆ ಹಂಚಿಕೆಗಳು ಕಾಣುತ್ತವೆ. ಮಗನ ಖಾತೆಯಿಂದ 'ಅರ್ಜಿ ದಾಖಲೆ' ತೆರೆದು, ಪರೀಕ್ಷೆಗೆಂದೇ ಇಟ್ಟ ಒಂದು ಕಡತವನ್ನು ಅಳಿಸಲು ಪ್ರಯತ್ನಿಸಬೇಕು. ಅಳಿಸಲು ಆಗದಿದ್ದರೆ ವ್ಯವಸ್ಥೆ ಸರಿಯಿದೆ ಎಂದರ್ಥ. ಅನುಮತಿ ಇದ್ದವರಿಗೆ ತೆರೆಯುತ್ತದೆಯೇ ಎಂದು ನೋಡುವುದರ ಜೊತೆಗೆ ಅನುಮತಿ ಇಲ್ಲದವರಿಗೆ ತೆರೆಯದಿರುತ್ತದೆಯೇ ಎಂಬುದನ್ನೂ ನೋಡಬೇಕು. ಹೆಚ್ಚಿನವರು ಮರೆಯುವುದು ಎರಡನೆಯದನ್ನು.

ಒಂದೇ ಕಂಪ್ಯೂಟರಿನಿಂದ ಬೇರೆ ಬೇರೆ ಖಾತೆಗಳನ್ನು ಪರೀಕ್ಷಿಸುವಾಗ ಪ್ರತಿ ಸಲವೂ ಆ ಕಂಪ್ಯೂಟರಿನಿಂದ ನಿರ್ಗಮಿಸಿ ಮತ್ತೆ ಪ್ರವೇಶಿಸಬೇಕು. ಹಿಂದೆ ಉಳಿಸಿದ ಗುಪ್ತಪದವಿದ್ದರೆ ಅದನ್ನು 'ಕ್ರೆಡೆನ್ಶಿಯಲ್ ಮ್ಯಾನೇಜರ್' ಮೂಲಕ ತೆಗೆಯಬೇಕು. ಇಲ್ಲದಿದ್ದರೆ ಹಳೆಯ ಖಾತೆಯೇ ಮುಂದುವರಿದು ತಪ್ಪು ಫಲಿತಾಂಶ ಬರುತ್ತದೆ.

6. ರೂಟರ್ ಬಗ್ಗೆ ವಹಿಸಬೇಕಾದ ಎಚ್ಚರಿಕೆ

ಅ) ರೂಟರಿನೊಂದಿಗೆ ಬಂದ ಆಡಳಿತ ಗುಪ್ತಪದವನ್ನು ಬದಲಾಯಿಸಬೇಕು. ವೈಫೈ ಭದ್ರತೆಯು ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಆಗಿರಬೇಕು.

ಆ) 'ಗೆಸ್ಟ್ ನೆಟ್‌ವರ್ಕ್' ಸೌಲಭ್ಯವಿದ್ದರೆ ನೆಂಟರಿಗೆ ಹಾಗೂ ಬಾಡಿಗೆದಾರರಿಗೆ ಅದನ್ನೇ ನೀಡಬೇಕು. ಅದರ ಮೂಲಕ ಬಂದವರಿಗೆ ಅಂತರಜಾಲ ದೊರೆಯುತ್ತದೆ, ಮನೆಯ ಕಂಪ್ಯೂಟರುಗಳು ಕಾಣುವುದಿಲ್ಲ. ಹೀಗೆ ಆಗುತ್ತಿದೆಯೇ ಎಂಬುದನ್ನು ಒಮ್ಮೆ ಪರೀಕ್ಷಿಸಿಕೊಳ್ಳಬೇಕು.

ಇ) ಕೆಲವು ರೂಟರುಗಳಲ್ಲಿ ಪೆನ್‌ಡ್ರೈವ್ ಜೋಡಿಸಿ ಹಂಚಿಕೊಳ್ಳುವ ಸೌಲಭ್ಯವಿರುತ್ತದೆ. ಅಲ್ಲಿ ವಿಂಡೋಸ್‌ನಲ್ಲಿ ಮಾಡಿದ ಖಾತೆಗಳು ಅನ್ವಯಿಸುವುದಿಲ್ಲ. ರೂಟರಿನಲ್ಲಿಯೇ ಪ್ರತ್ಯೇಕ ಗುಪ್ತಪದ ಇಡಬೇಕು.

ಈ) ದಾಖಲೆಗಳನ್ನು ಹೊರಗಿನಿಂದ ತೆರೆಯುವ ಆಸೆಯಿಂದ ಹಂಚಿಕೆ ಫೋಲ್ಡರನ್ನು ನೇರವಾಗಿ ಅಂತರಜಾಲಕ್ಕೆ ತೆರೆದಿಡಬಾರದು. ಎಸ್.ಎಂ.ಬಿ. ಬಳಸುವ 445ನೇ ಪೋರ್ಟ್ ಹೊರಗಿನಿಂದ ಮುಚ್ಚಿಯೇ ಇರಬೇಕು.

7. ಹಳೆಯ ಉಪಕರಣಗಳು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ವಿಂಡೋಸ್ 7ರೊಂದಿಗೆ 2009ರಲ್ಲಿ ಬಂದ 'ಹೋಮ್‌ಗ್ರೂಪ್' ಸೌಲಭ್ಯವನ್ನು 2018ರಲ್ಲಿ ವಿಂಡೋಸ್ 10ರಿಂದ ತೆಗೆಯಲಾಯಿತು. ಆದಕಾರಣ ಹಳೆಯ ಪುಸ್ತಕಗಳಲ್ಲಿರುವ 'ಹೋಮ್‌ಗ್ರೂಪ್' ಕ್ರಮವು ಈಗ ಅನ್ವಯಿಸದು.

ಗದಗ-ಬೆಟಗೇರಿಯು ಮುದ್ರಣಕ್ಕೆ ಹೆಸರಾದ ನಗರ. ಮನೆಯ ಒಂದು ಭಾಗದಲ್ಲಿಯೇ ಡಿ.ಟಿ.ಪಿ. ಕೆಲಸ ನಡೆಸುವವರಲ್ಲಿ ಹಳೆಯ ಸ್ಕ್ಯಾನರ್ ಹಾಗೂ ಪ್ರಿಂಟರುಗಳು ಇರಬಹುದು. ಇಂತಹ ಕೆಲವು ಉಪಕರಣಗಳು ಎಸ್.ಎಂ.ಬಿ. ಮೊದಲ ಆವೃತ್ತಿಯನ್ನು ಮಾತ್ರ ಅರಿತಿರುತ್ತವೆ. ಸ್ಕ್ಯಾನ್ ಫೋಲ್ಡರಿಗೆ ಬರುತ್ತಿಲ್ಲವೆಂದು ಆ ಹಳೆಯ ಆವೃತ್ತಿಯನ್ನು ಮತ್ತೆ ಚಾಲ್ತಿಗೊಳಿಸುವುದು ಸರಿಯಲ್ಲ. ಯು.ಎಸ್.ಬಿ. ತಂತಿಯ ಮೂಲಕ ನೇರವಾಗಿ ಸ್ಕ್ಯಾನ್ ಮಾಡುವುದು ಸುರಕ್ಷಿತ. ಗ್ರಾಹಕರ ದಾಖಲೆಗಳನ್ನು ಮನೆಯ ದಾಖಲೆಗಳೊಂದಿಗೆ ಬೆರೆಸದೆ, ಕೆಲಸ ಮುಗಿದ ಕೂಡಲೇ ಅಳಿಸುವುದು ಡಿ.ಟಿ.ಪಿ. ಕೇಂದ್ರದವರ ಕರ್ತವ್ಯವಾಗಿದೆ.

8. ಅಂತರಜಾಲ ಸಂಗ್ರಹದಲ್ಲಿನ ಹಂಚಿಕೆ

ಗೂಗಲ್ ಡ್ರೈವ್, ಒನ್‌ಡ್ರೈವ್ ಮುಂತಾದವುಗಳಲ್ಲಿಯೂ ಇದೇ ತತ್ವ ಅನ್ವಯಿಸುತ್ತದೆ. ಮುಂಡರಗಿಯಲ್ಲಿರುವ ತಾಯಿಯ ದಾಖಲೆಗಳನ್ನು ಬೆಂಗಳೂರಿನಲ್ಲಿರುವ ಮಗ ನೋಡಬೇಕಾದಲ್ಲಿ, 'ಕೊಂಡಿ ಇರುವ ಯಾರು ಬೇಕಾದರೂ' ಎಂಬ ಆಯ್ಕೆಯ ಬದಲು ಆತನ ಮಿಂಚಂಚೆ ವಿಳಾಸಕ್ಕೆ ಮಾತ್ರ ಓದುವ ಅನುಮತಿ ನೀಡಬೇಕು. ಕೊಂಡಿಯು ವಾಟ್ಸಾಪ್ ಗುಂಪಿನಿಂದ ಗುಂಪಿಗೆ ಸಾಗಿದರೆ ಅದು ಯಾರ ಕೈಯಲ್ಲಿದೆ ಎಂಬುದೇ ತಿಳಿಯುವುದಿಲ್ಲ.

ಪ್ರಮಾಣಪತ್ರಗಳಿಗೆ 2015ರಿಂದ ಲಭ್ಯವಿರುವ ಡಿಜಿಲಾಕರ್ ಸೌಲಭ್ಯವನ್ನೂ ಬಳಸಿಕೊಳ್ಳಬಹುದು. ಪೂರ್ಣ ಆಧಾರ್ ಸಂಖ್ಯೆ ಅಗತ್ಯವಿಲ್ಲದ ಕಡೆ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಪ್ರತಿಯನ್ನು ಇಟ್ಟುಕೊಳ್ಳುವುದು ಉತ್ತಮ.

9. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಫೋಲ್ಡರಿನ ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಹಾಕಿ ಹಂಚಿಕೊಂಡರೆ ಅದು ಯಾರಿಗೂ ಕಾಣುವುದಿಲ್ಲ. ಅಷ್ಟು ಸಾಕಲ್ಲವೇ?
ಉತ್ತರ: ಸಾಲದು. ಪಟ್ಟಿಯಲ್ಲಿ ಕಾಣುವುದಿಲ್ಲವಾದರೂ ಹೆಸರು ಗೊತ್ತಿದ್ದವರು ತೆರೆಯಬಹುದು. ಬಾಗಿಲಿಗೆ ಪರದೆ ಹಾಕಿದಂತೆಯೇ ಹೊರತು ಬೀಗ ಹಾಕಿದಂತಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಒಂದೇ ಕಂಪ್ಯೂಟರ್ ಇದೆ. ಈ ಕ್ರಮಗಳು ಬೇಕೇ?
ಉತ್ತರ: ಜಾಲದ ಹಂಚಿಕೆಯ ಅಗತ್ಯವೇ ಇಲ್ಲದಿದ್ದರೆ 'ಫೈಲ್ ಅಂಡ್ ಪ್ರಿಂಟರ್ ಶೇರಿಂಗ್' ಸಂಪೂರ್ಣ ಆಫ್ ಮಾಡಿರಿ. ಪ್ರತ್ಯೇಕ ಖಾತೆಗಳು ಹಾಗೂ ಹಂತ 5 ಮಾತ್ರ ಅನ್ವಯಿಸುತ್ತವೆ.

ಪ್ರಶ್ನೆ: ಒಬ್ಬರಿಗೆ ನೀಡಿದ ಅನುಮತಿಯನ್ನು ಹಿಂಪಡೆಯುವುದು ಹೇಗೆ?
ಉತ್ತರ: ಎರಡೂ ಪಟ್ಟಿಗಳಿಂದ ಅವರ ಖಾತೆಯನ್ನು ತೆಗೆಯಿರಿ. ಅವರ ಸಂಪರ್ಕ ಇನ್ನೂ ತೆರೆದಿದ್ದರೆ 'ಶೇರ್ಡ್ ಫೋಲ್ಡರ್ಸ್' ಅಡಿಯ 'ಸೆಷನ್ಸ್' ಪಟ್ಟಿಯಲ್ಲಿ ಅದನ್ನು ಮುಕ್ತಾಯಗೊಳಿಸಿರಿ. ಮನೆಯವರೆಲ್ಲರೂ ಒಂದೇ ಖಾತೆಯನ್ನು ಬಳಸುತ್ತಿದ್ದರೆ ಒಬ್ಬರನ್ನು ಮಾತ್ರ ತೆಗೆಯಲು ಬರುವುದಿಲ್ಲ. ಪ್ರತ್ಯೇಕ ಖಾತೆ ಬೇಕೆನ್ನುವುದು ಇದಕ್ಕಾಗಿಯೇ.

ಪ್ರಶ್ನೆ: ಇಷ್ಟೆಲ್ಲ ಮಾಡಿದ ಮೇಲೂ ಬೇರೆ ಪ್ರತಿ ಇಡಬೇಕೇ?
ಉತ್ತರ: ಇಡಬೇಕು. ಅನುಮತಿಯ ನಿಯಂತ್ರಣವು ಡಿಸ್ಕ್ ಕೆಡುವುದನ್ನು ತಡೆಯದು. ತಿಂಗಳಿಗೊಮ್ಮೆ ಹೊರಗಿನ ಡಿಸ್ಕಿಗೆ ಪ್ರತಿ ಮಾಡಿ, ಅದನ್ನು ಕಂಪ್ಯೂಟರಿನಿಂದ ಬೇರ್ಪಡಿಸಿ ಭದ್ರವಾಗಿಡಿ. ಸಕಾಲ ಸ್ವೀಕೃತಿಯನ್ನು ಮುದ್ರಿಸಿಯೂ ಇಟ್ಟುಕೊಳ್ಳಿರಿ. ಸೇವೆ ವಿಳಂಬವಾದಲ್ಲಿ ಮೇಲ್ಮನವಿ ಸಲ್ಲಿಸಲು ಅದರಲ್ಲಿರುವ ಸಂಖ್ಯೆ ಬೇಕಾಗುತ್ತದೆ.

ಪ್ರಶ್ನೆ: ಖಾಸಗಿ ಅಂತರಜಾಲ ಕೇಂದ್ರದಿಂದ ಅರ್ಜಿ ಸಲ್ಲಿಸಿದರೆ?
ಉತ್ತರ: ಅಲ್ಲಿನ ಕಂಪ್ಯೂಟರುಗಳು ಪರಸ್ಪರ ಹಂಚಿಕೆಯಲ್ಲಿರುವ ಸಾಧ್ಯತೆ ಇರುತ್ತದೆ. ಕೆಲಸ ಮುಗಿದ ನಂತರ 'ಡೌನ್‌ಲೋಡ್ಸ್', 'ಡೆಸ್ಕ್‌ಟಾಪ್' ಹಾಗೂ ಸ್ಕ್ಯಾನ್ ಫೋಲ್ಡರಿನಿಂದ ತಮ್ಮ ಕಡತಗಳನ್ನು ಎದುರಿನಲ್ಲಿಯೇ ಅಳಿಸುವಂತೆ ಕೇಳಿಕೊಳ್ಳಿರಿ. ಹೀಗೆ ಕೇಳುವುದರಲ್ಲಿ ಸಂಕೋಚ ಬೇಡ.

10. ದುರ್ಬಳಕೆಯಾದಲ್ಲಿ

ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರ್ ಪ್ರವೇಶಿಸಿ ಮಾಹಿತಿ ಒಯ್ಯುವುದು ಅಥವಾ ಅಳಿಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ 2000ರ ಕಲಂ 43ರ ವ್ಯಾಪ್ತಿಗೆ ಬರುತ್ತದೆ. ಅಪ್ರಾಮಾಣಿಕ ಅಥವಾ ಮೋಸದ ಉದ್ದೇಶದಿಂದ ಮಾಡಿದಲ್ಲಿ ಕಲಂ 66ರ ಪ್ರಕಾರ ಮೂರು ವರ್ಷಗಳವರೆಗೆ ಕಾರಾವಾಸ ಅಥವಾ ಐದು ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಬೇರೆಯವರ ಗುಪ್ತಪದ ಅಥವಾ ಗುರುತನ್ನು ಮೋಸದಿಂದ ಬಳಸುವುದು ಕಲಂ 66ಸಿ ಅಡಿ ಅಪರಾಧ.

ಹಣದ ನಷ್ಟವಾಗಿದ್ದರೆ ವಿಳಂಬ ಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ರಾಷ್ಟ್ರೀಯ ಸೈಬರ್ ಅಪರಾಧ ವರದಿ ಪೋರ್ಟಲ್‌ನಲ್ಲಿ ಅಥವಾ ಸಮೀಪದ ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಬಹುದು. ಆಧಾರ್ ದುರ್ಬಳಕೆಯ ಶಂಕೆ ಇದ್ದಲ್ಲಿ 1947 ಸಂಖ್ಯೆಯನ್ನು ಸಂಪರ್ಕಿಸಿ, ಬಯೋಮೆಟ್ರಿಕ್ ಲಾಕ್ ಸೌಲಭ್ಯವನ್ನು ಬಳಸಿಕೊಳ್ಳಬಹುದು. ದೂರು ನೀಡುವ ಮೊದಲು ಕಂಪ್ಯೂಟರಿನಲ್ಲಿರುವ ಕಡತಗಳನ್ನು ಅಳಿಸಬಾರದು, ಅವು ತನಿಖೆಗೆ ಸಾಕ್ಷ್ಯವಾಗುತ್ತವೆ.

11. ಮುಕ್ತಾಯ

ಮೇಲ್ಕಂಡ ಕ್ರಮಗಳಿಗೆ ಹಣದ ಖರ್ಚಿಲ್ಲ, ಒಂದು ರವಿವಾರದ ಮಧ್ಯಾಹ್ನ ಸಾಕು. ವರ್ಷಕ್ಕೆ ಎರಡು ಸಲ, ಉದಾಹರಣೆಗೆ ಯುಗಾದಿ ಹಾಗೂ ದೀಪಾವಳಿಯ ಸ್ವಚ್ಛತೆಯ ಕಾಲದಲ್ಲಿ, ಹಂಚಿಕೆಯ ಪಟ್ಟಿಯನ್ನೂ ಒಮ್ಮೆ ನೋಡಿ ಬೇಡದ ಹೆಸರುಗಳನ್ನು ತೆಗೆಯುವ ರೂಢಿಯನ್ನು ಇಟ್ಟುಕೊಳ್ಳಬಹುದು. ಹೊಲದ ಉತಾರವಾಗಲಿ, ಮಗಳ ಅಂಕಪಟ್ಟಿಯಾಗಲಿ, ಅದನ್ನು ಪಡೆಯಲು ಕುಟುಂಬವೊಂದು ಪಟ್ಟ ಶ್ರಮ ದೊಡ್ಡದು. ಅದನ್ನು ಕಾಪಾಡಲು ಬೇಕಾದ ಶ್ರಮ ಅದಕ್ಕಿಂತ ಬಹಳ ಚಿಕ್ಕದು.

ಸಾರ್ವಜನಿಕರು ಈ ಮಾಹಿತಿಯ ಸದುಪಯೋಗವನ್ನು ಪಡೆದುಕೊಳ್ಳಬೇಕಾಗಿ ಹಾಗೂ ತಮ್ಮ ನೆರೆಹೊರೆಯವರಿಗೂ ತಿಳಿಸಬೇಕಾಗಿ ಕೋರಲಾಗಿದೆ.

ಶಾಖಾಧಿಕಾರಿ